ಮೂರು ಹಳೇ ಟ್ಯಾಂಕ್‌ಗಳ ತುಕ್ಕು: ಯಾವುದು ಕೆಲಸ ಮಾಡಿತು, ಯಾವುದು ಕೆಡಿಸಿತು

ಅಪ್ಪನ ಯೆಜ್ಡಿ ರೋಡ್‌ಕಿಂಗ್ ಬೈಕ್ ಬೆಂಗಳೂರಿನ ತ್ಯಾಗರಾಜನಗರದ ನಮ್ಮ ಮನೆಯ ಪೋರ್ಟಿಕೋದಲ್ಲಿ ಒಂಬತ್ತು ವರ್ಷ ಸುಮ್ನೆ ನಿಂತಿತ್ತು. ಮತ್ತೆ ಓಡಿಸೋಣ ಎಂದು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟೆ. ಒಳಗೆಲ್ಲ ಇಟ್ಟಿಗೆ ಪುಡಿಯ ಬಣ್ಣ. ಟ್ಯಾಂಕ್ ಅಲುಗಾಡಿಸಿದರೆ ಮರಳು ಉರುಳಿದಂತೆ ಸರಸರ ಸದ್ದು. ಅದೇ ಸಮಯಕ್ಕೆ ಚಿಕ್ಕಪ್ಪನ ಯಮಹಾ ಆರ್‌ಎಕ್ಸ್ 100 ಬಂತು. ಆಮೇಲೆ ಗೆಳೆಯನ ಹಳೇ ಬುಲೆಟ್. ಒಂದೂವರೆ ವರ್ಷದಲ್ಲಿ ಮೂರು ಟ್ಯಾಂಕ್ ತೊಳೆದಿದ್ದೇವೆ, ಬೇರೆ ಬೇರೆ ರೀತಿಯಲ್ಲಿ.

ಮೊದಲೇ ಹೇಳಿಬಿಡುತ್ತೇನೆ: ನನ್ನ ಮತ ನಿಂಬೆ ಉಪ್ಪಿಗೆ. ಲೈನಿಂಗ್, ಅಂದರೆ ಟ್ಯಾಂಕಿನ ಒಳಗೋಡೆಗೆ ಕೊಡುವ ಲೇಪನ, ಎಲ್ಲರಿಗೂ ಬೇಕಿಲ್ಲ.

ಹೊಸ ಟ್ಯಾಂಕ್ ತಂದರೆ ಆಯ್ತಲ್ವಾ ಎಂದು ಚಿಕ್ಕಮ್ಮ ಕೇಳಿದರು. ನಕಲು ಟ್ಯಾಂಕ್ ಸಿಗುತ್ತದೆ. ಶಿವಾಜಿನಗರದಲ್ಲಿ ಒಂದನ್ನು ಕೈಯಲ್ಲಿ ಹಿಡಿದು ನೋಡಿದೆ. ತಗಡು ತೆಳುವಾಗಿತ್ತು, ಬೋಲ್ಟ್ ಕೂರುವ ಜಾಗ ಹೊಂದಲಿಲ್ಲ. ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಆರ್‌ಎಕ್ಸ್ 100 ತಯಾರಿಕೆ ನಿಂತಿದ್ದೂ ಅದೇ ವರ್ಷ. ಒರಿಜಿನಲ್ ಟ್ಯಾಂಕ್ ಹೋದರೆ ಹೋದಂತೆಯೇ. ಅದಕ್ಕೇ ಇಷ್ಟು ಕಷ್ಟಪಟ್ಟೆ.

ಆರ್‌ಎಕ್ಸ್ ಟ್ಯಾಂಕನ್ನು ಚಿಕ್ಕಪ್ಪ ನನ್ನನ್ನು ಕೇಳುವ ಮೊದಲೇ ಒಂದು ಗ್ಯಾರೇಜಿಗೆ ಕೊಟ್ಟಿದ್ದರು. "ಒಂದು ಗಂಟೆ ಸಾಕು ಸಾರ್, ಬೆಳ್ಳಿ ಥರ ಮಾಡಿಕೊಡ್ತೀನಿ" ಎಂದರಂತೆ. ಮಾಡಿಯೂ ಕೊಟ್ಟರು. ಬಳಸಿದ್ದು ಕಕ್ಕಸು ತೊಳೆಯುವ ಆ್ಯಸಿಡ್, ಅಂದರೆ ಹೈಡ್ರೋಕ್ಲೋರಿಕ್ ಆ್ಯಸಿಡ್. ಅದು ತುಕ್ಕು ತಿಂದು ಮುಗಿಸಿ ಅಲ್ಲಿಗೇ ನಿಲ್ಲುವುದಿಲ್ಲ. ಒಳ್ಳೆ ಕಬ್ಬಿಣವನ್ನೂ ತಿನ್ನುತ್ತದೆ. ಹಾಗೆ ತಿನ್ನುವಾಗ ಹೈಡ್ರೋಜನ್ ಅನಿಲ ಬಿಡುತ್ತದೆ, ಹತ್ತಿರ ಕಿಡಿ ಬಿದ್ದರೆ ಅಪಾಯ. ತೊಳೆದ ಮೇಲೂ ತಗಡಿನ ಸಂದಿಯಲ್ಲಿ ಕ್ಲೋರೈಡ್ ಉಳಿದುಕೊಂಡು ಹೊಸ ತುಕ್ಕನ್ನು ಬೇಗ ಎಬ್ಬಿಸುತ್ತದೆ. ಮೂರೇ ವಾರದಲ್ಲಿ ಟ್ಯಾಂಕ್ ಮತ್ತೆ ಕೆಂಪಾಯಿತು. ತಳದ ಜೋಡಣೆಯಲ್ಲಿ ಎರಡು ಕಡೆ ಪೆಟ್ರೋಲ್ ಒಸರತೊಡಗಿತು. ಮೂವತ್ತು ವರ್ಷದ ತುಕ್ಕು ತೂತು ಮಾಡದ ಜಾಗವನ್ನು ಒಂದು ಗಂಟೆಯ ಆ್ಯಸಿಡ್ ತೂತು ಮಾಡಿತು. ಇದನ್ನು ನೆನೆಸಿಕೊಂಡರೆ ಈಗಲೂ ಬೇಜಾರಾಗುತ್ತದೆ.

ಹಾಗಾಗಿ ಯೆಜ್ಡಿಗೆ ಮೃದುವಾದದ್ದನ್ನೇ ಹುಡುಕಿದೆ. ಮೊದಲು ಬಿಳಿ ವಿನೆಗರ್. ಟ್ಯಾಂಕ್ ತುಂಬಲು ಇಪ್ಪತ್ತಕ್ಕೂ ಜಾಸ್ತಿ ಬಾಟಲಿ ಬೇಕಾಯಿತು. ನಾಲ್ಕು ದಿನ ಇಟ್ಟೆ. ಮೇಲಿನ ಪುಡಿ ತುಕ್ಕು ಬಿಟ್ಟಿತು, ತಳದ ಹಕ್ಕಳೆ ಬಿಡಲಿಲ್ಲ. ಮನೆಯೆಲ್ಲ ಉಪ್ಪಿನಕಾಯಿ ಜಾಡಿ ತೆರೆದ ವಾಸನೆ. ಕೆಲಸ ಮಾಡುವುದಿಲ್ಲ ಅಂತಲ್ಲ. ತೆಳು ತುಕ್ಕಿಗೆ ಸಾಕು. ಖರ್ಚಿಗೂ ಕಾಯುವುದಕ್ಕೂ ಹೋಲಿಸಿದರೆ ಸಿಗುವುದು ಕಡಿಮೆ.

ಆಮೇಲೆ ಮಾಮೂಲ್‌ಪೇಟೆ ಕಡೆಯ ಗ್ರಂಧಿಗೆ ಅಂಗಡಿಯಿಂದ ನಿಂಬೆ ಉಪ್ಪು ತಂದೆ. ಅದೇ ಸಿಟ್ರಿಕ್ ಆ್ಯಸಿಡ್, ಪನೀರ್ ಮಾಡಲು ಹಾಲು ಒಡೆಸುತ್ತೇವಲ್ಲ, ಅದು. ಲೀಟರಿಗೆ 80ರಿಂದ 100 ಗ್ರಾಂ ಲೆಕ್ಕ. ಕೈ ತಡೆಯುವಷ್ಟು ಬಿಸಿನೀರಿನಲ್ಲಿ ಕರಗಿಸಿ ಹಾಕಿದೆ. ಬಿಸಿ ಇದ್ದರೆ ಬೇಗ ಕೆಲಸ ಮಾಡುತ್ತದೆ, ತಣ್ಣೀರಲ್ಲಿ ನಿಧಾನ. ಅದಕ್ಕೂ ಮೊದಲು ಹಳೇ ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಪೆಟ್ರೋಲ್ ಕಾಕ್ (ಟ್ಯಾಂಕಿನ ತಳದ ನಲ್ಲಿ) ಬಿಚ್ಚಿ, ತೂತಿಗೆ ರಬ್ಬರ್ ಬಿರಡೆ ಹಾಕಿ, ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಎರಡು ಸಲ ಅಲುಗಾಡಿಸಿದ್ದೆ. ಜಿಡ್ಡು ಉಳಿದರೆ ಅದರ ಕೆಳಗಿನ ತುಕ್ಕಿಗೆ ಹುಳಿ ತಾಗುವುದೇ ಇಲ್ಲ. ಪೇಂಟಿನ ಮೇಲೆ ಚೆಲ್ಲಿದರೆ ಕಲೆ ಉಳಿಯಬಹುದು, ಬಾಯಿ ಸುತ್ತ ಗ್ರೀಸ್ ಸವರಿ ಪ್ಲಾಸ್ಟಿಕ್ ಕಟ್ಟಿದ್ದೆ.

ಒಂದು ಗಂಟೆಯಲ್ಲಿ ನೊರೆ ಶುರು. ಮರುದಿನ ಬೆಳಿಗ್ಗೆ ನೀರು ಕಡು ಹಸಿರು ಹಳದಿ. ಇದರಲ್ಲಿ ನನಗೆ ಇಷ್ಟವಾದದ್ದು ಒಂದೇ. ಕರಗಿದ ಕಬ್ಬಿಣವನ್ನು ನಿಂಬೆ ಉಪ್ಪು ಹಿಡಿದಿಟ್ಟುಕೊಳ್ಳುತ್ತದೆ, ಮತ್ತೆ ಗೋಡೆಗೆ ಕೂರಲು ಸುಲಭಕ್ಕೆ ಬಿಡುವುದಿಲ್ಲ. ತಳದ ಹಕ್ಕಳೆಗೆ ಒಂದು ಹಿಡಿ ಸ್ಟೀಲ್ ನಟ್ ಹಾಕಿ ಅಲುಗಾಡಿಸಿದೆ. ಯೆಜ್ಡಿ ಟ್ಯಾಂಕಿನ ತಳ ಚೌಕಟ್ಟಿನ ಎರಡೂ ಬದಿ ಇಳಿದಿರುತ್ತದೆ, ಹಾಗಾಗಿ ನಟ್ ಒಂದೇ ಮೂಲೆಯಲ್ಲಿ ಸೇರಿಕೊಳ್ಳುತ್ತವೆ. ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಎರಡನೇ ಸಲ ಹೊಸ ನೀರು ಹಾಕಿ ಇನ್ನೊಂದು ರಾತ್ರಿ ಇಟ್ಟೆ. ಬೂದು ಬಣ್ಣದ ಬರಿ ಕಬ್ಬಿಣ ಕಂಡಿತು. ಹಾಗಂತ ವಾರಗಟ್ಟಲೆ ಬಿಡಬೇಡಿ, ಇದೂ ಆ್ಯಸಿಡ್ಡೇ.

ಬುಲೆಟ್‌ಗೆ ಗೆಳೆಯ ವಿದ್ಯುತ್ ವಿಧಾನವೇ ಬೇಕು ಎಂದ. ನೀರಿಗೆ ವಾಷಿಂಗ್ ಸೋಡಾ, 12 ವೋಲ್ಟ್ ಬ್ಯಾಟರಿ ಚಾರ್ಜರ್. ನೆಗೆಟಿವ್ ಟ್ಯಾಂಕಿಗೆ, ಪಾಸಿಟಿವ್ ಒಳಗೆ ಇಳಿಬಿಟ್ಟ ಕಟ್ಟಡದ ಕಂಬಿಗೆ. ಕಂಬಿ ಟ್ಯಾಂಕಿಗೆ ತಾಗಬಾರದು, ರಬ್ಬರ್ ಸುತ್ತಿ ನಿಲ್ಲಿಸಿದೆವು. ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ಬೇಡವೇ ಬೇಡ, ಅದರಲ್ಲಿನ ಕ್ರೋಮಿಯಂ ವಿಷವಾಗಿ ನೀರಿಗೆ ಇಳಿಯುತ್ತದೆ. ಇದರ ಗುಣವೇನೆಂದರೆ ಒಳ್ಳೆ ಕಬ್ಬಿಣ ಒಂದಿಷ್ಟೂ ಸವೆಯುವುದಿಲ್ಲ. ತೊಂದರೆ ಏನೆಂದರೆ ಕಂಬಿಗೆ ನೇರ ಎದುರಾಗಿರುವ ಜಾಗವಷ್ಟೇ ಚೆನ್ನಾಗಿ ಶುದ್ಧವಾಗುತ್ತದೆ. ಮೂಲೆಗಳು ಹಾಗೇ ಉಳಿದವು. ನಾಲ್ಕೈದು ಗಂಟೆಗೊಮ್ಮೆ ಕಂಬಿ ಕೆರೆಯಬೇಕು. ಇಲ್ಲೂ ಹೈಡ್ರೋಜನ್ ಬರುತ್ತದೆ, ತಾರಸಿ ಮೇಲೆ ಬಯಲಲ್ಲೇ ಮಾಡಿದೆವು. ವೈರ್ ಮುಟ್ಟುವ ಮೊದಲು ಸ್ವಿಚ್ ಆಫ್. ತಗಡು ತೀರಾ ತೆಳುವಾಗಿದೆ ಎಂಬ ಅನುಮಾನ ಇದ್ದರೆ ನಾನೂ ಇದನ್ನೇ ಆರಿಸುತ್ತೇನೆ. ಇಲ್ಲದಿದ್ದರೆ ಇಷ್ಟು ರಗಳೆ ಬೇಕಿಲ್ಲ.

ಯಾವ ದಾರಿ ಹಿಡಿದರೂ ಗೆಲುವು ಸೋಲು ತೀರ್ಮಾನವಾಗುವುದು ನೀರು ಚೆಲ್ಲಿದ ಮೇಲಿನ ಹತ್ತು ನಿಮಿಷದಲ್ಲಿ. ಬರಿ ಕಬ್ಬಿಣ ಒದ್ದೆಯಾಗಿ ಗಾಳಿಗೆ ಸಿಕ್ಕರೆ ಕಣ್ಣೆದುರೇ ಕಿತ್ತಳೆ ಬಣ್ಣ ಏರುತ್ತದೆ. ಯೆಜ್ಡಿಗೆ ಮೊದಲ ಸಲ ಹಾಗೇ ಆಯಿತು, ಪೈಪ್ ತರಲು ಒಳಗೆ ಹೋಗಿ ಬರುವಷ್ಟರಲ್ಲಿ. ಮತ್ತೆ ಅರ್ಧ ಗಂಟೆ ನಿಂಬೆ ಉಪ್ಪಿನ ನೀರು ಹಾಕಿ ತೆಗೆಯಬೇಕಾಯಿತು. ಈಗ ಎಲ್ಲ ಮೊದಲೇ ಸಾಲಾಗಿ ಇಟ್ಟುಕೊಳ್ಳುತ್ತೇನೆ. ಒಂದು ಸಲ ಅಡುಗೆ ಸೋಡಾ ನೀರು. ಎರಡು ಸಲ ಒಳ್ಳೆ ನೀರು, ಬೋರ್‌ವೆಲ್ ಗಡಸು ನೀರಲ್ಲ. ತಕ್ಷಣ ಅರ್ಧ ಲೀಟರ್ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಎಲ್ಲ ಕಡೆ ಹರಿಸಿ ಚೆಲ್ಲುವುದು. ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಐಪಿಎ ಎಂದರೆ ಕೊಡುತ್ತಾರೆ. ಉಳಿದ ನೀರನ್ನು ಅದು ತನ್ನ ಜೊತೆ ಎಳೆದುಕೊಂಡು ಬರುತ್ತದೆ. ಆಮೇಲೆ ಬಯಲಲ್ಲಿ, ವ್ಯಾಕ್ಯೂಮ್ ಕ್ಲೀನರ್ ಗಾಳಿ ಊದುವ ಕಡೆಯಿಂದ ತಣ್ಣನೆ ಗಾಳಿ. ಹೀರುವ ಕಡೆ ಎಂದೂ ಸಿಕ್ಕಿಸಬೇಡಿ, ಆವಿ ಮೋಟಾರಿಗೆ ಹೋದರೆ ಬೆಂಕಿ ಹತ್ತುತ್ತದೆ.

ಇನ್ನು ಲೈನಿಂಗ್. ಆರ್‌ಎಕ್ಸ್‌ಗೆ ಅದು ಬೇಕೇ ಬೇಕಿತ್ತು. ಉಳಿದ ತುಕ್ಕನ್ನು ನಿಂಬೆ ಉಪ್ಪಲ್ಲಿ ತೆಗೆದು, ತೂತುಗಳಿಗೆ ರೇಡಿಯೇಟರ್ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕಿಸಿ, ಒಳಗೆ ಎಪಾಕ್ಸಿ (ಎರಡು ಭಾಗ ಬೆರೆಸಿದರೆ ಗಟ್ಟಿಯಾಗುವ ಅಂಟು) ಸುರಿದೆವು. ಟ್ಯಾಂಕನ್ನು ನಿಧಾನವಾಗಿ ಎಲ್ಲ ಬದಿಗೂ ತಿರುಗಿಸಿ, ಹೆಚ್ಚಾದದ್ದನ್ನು ಪೂರ್ತಿ ಹೊರಗೆ ಬಸಿದೆವು. ಕಾಕ್ ತೂತಿನ ಥ್ರೆಡ್‌ಗೆ ಗ್ರೀಸ್ ಹಚ್ಚಿ ಮುಚ್ಚದಿದ್ದರೆ ಎಪಾಕ್ಸಿ ಅಲ್ಲೇ ಗಟ್ಟಿಯಾಗಿ ಕೂರುತ್ತದೆ. ಒಂದು ವಾರ ಮುಟ್ಟಲಿಲ್ಲ. ಎಥನಾಲ್ ತಾಳಿಕೊಳ್ಳುತ್ತದೆ ಎಂದು ಡಬ್ಬದ ಮೇಲೆ ಬರೆದಿರುವುದನ್ನೇ ಆರಿಸಿದೆ. 20% ಎಥನಾಲ್ ಇರುವ ಇ20 ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬಿಡುಗಡೆಯಾಗಿದ್ದು ನಮ್ಮ ಬೆಂಗಳೂರಿನಲ್ಲೇ, ಈಗ ಬಂಕಿನಲ್ಲಿ ಸಿಗುವುದು ಹೆಚ್ಚಾಗಿ ಅದೇ. ಫೈಬರ್ ಕೆಲಸಕ್ಕೆ ಬಳಸುವ ಸಾಮಾನ್ಯ ರೆಸಿನ್ ಅದಕ್ಕೆ ಸಿಕ್ಕರೆ ಮೆತ್ತಗಾಗುತ್ತದೆ.

ಯೆಜ್ಡಿ, ಬುಲೆಟ್ ಎರಡಕ್ಕೂ ಲೈನಿಂಗ್ ಹಾಕಲಿಲ್ಲ. ಲೈನಿಂಗ್ ಕೆಳಗೆ ಒಂದು ಹನಿ ತೇವ ಅಥವಾ ಜಿಡ್ಡು ಉಳಿದರೂ ಅದು ಪೊರೆಯಂತೆ ಏಳುತ್ತದೆ. ಎದ್ದ ಪೊರೆ ಕಾಕ್ ಮುಚ್ಚುತ್ತದೆ. ಆಮೇಲೆ ಅದನ್ನು ತೆಗೆಯುವುದು ತುಕ್ಕು ತೆಗೆಯುವುದಕ್ಕಿಂತ ಹತ್ತು ಪಟ್ಟು ಕಷ್ಟ. ಯೆಜ್ಡಿಗೆ ಹೇಗೂ ಪೆಟ್ರೋಲಿನ ಜೊತೆಗೇ 2ಟಿ ಎಣ್ಣೆ (ಟೂ-ಸ್ಟ್ರೋಕ್ ಎಂಜಿನ್ ಆಯಿಲ್) ಬೆರೆಸುತ್ತೇವೆ, ನಾನು ಲೀಟರಿಗೆ 40 ಮಿ.ಲೀ. ಹಾಕುತ್ತೇನೆ. ಆ ಎಣ್ಣೆಯೇ ಗೋಡೆಗೆ ತೆಳ್ಳಗೆ ಅಂಟಿಕೊಳ್ಳುತ್ತದೆ. ಬುಲೆಟ್‌ಗೆ ಆ ಅನುಕೂಲ ಇಲ್ಲ. ಅದಕ್ಕೆ ಗೆಳೆಯನಿಗೆ ಟ್ಯಾಂಕ್ ಯಾವಾಗಲೂ ತುಂಬಿಸಿಡು, ವಾರಕ್ಕೊಮ್ಮೆಯಾದರೂ ಓಡಿಸು ಎಂದಿದ್ದೇನೆ. ಖಾಲಿ ಜಾಗ ಇದ್ದರೆ ತಾನೇ ತೇವದ ಗಾಳಿ ಸೇರುವುದು?

ಎರಡಕ್ಕೂ ಪಾರದರ್ಶಕ ಫಿಲ್ಟರ್ ಹಾಕಿದ್ದೇವೆ. ಎಂಟು ತಿಂಗಳಾಯಿತು, ಯೆಜ್ಡಿಯದು ಇನ್ನೂ ತಿಳಿಯಾಗಿದೆ. ಬುಲೆಟ್ಟಿನದರಲ್ಲಿ ಕಳೆದ ಮಳೆಗಾಲದ ನಂತರ ಸ್ವಲ್ಪ ಕಂದು ಪುಡಿ ಕಂಡಿದೆ, ಆ ಮೂಲೆಗಳದ್ದೇ ಇರಬೇಕು. ಬಿಸಿಲು ಬಿದ್ದ ಮೊದಲ ಭಾನುವಾರ ಅದಕ್ಕೂ ನಿಂಬೆ ಉಪ್ಪು ಹಾಕುತ್ತೇವೆ. ಎರಡು ಕೆ.ಜಿ. ತಂದಿಟ್ಟಿದ್ದೇನೆ.