ಕಸೂತಿ ಆರ್ಡರ್ ಕಡಿಮೆ ಮಾಡಬೇಕಾ, ಪೂರ್ತಿ ನಿಲ್ಲಿಸಬೇಕಾ?

ಕಸೂತಿ ದುಪಟ್ಟಾ, ಬ್ಲೌಸ್ ಮಾರುತ್ತಿದ್ದೀರಿ, ಈಗ ಮನಸ್ಸು ಜವಳಿ ವಿನ್ಯಾಸದ ಕಡೆ ಎಳೆಯುತ್ತಿದೆ. ಆರ್ಡರ್ ಅರ್ಧಕ್ಕಿಳಿಸಿ ಮನೆಯಲ್ಲೇ ಕಲಿಯಬಹುದು, ಇಲ್ಲವೇ ಎಲ್ಲ ನಿಲ್ಲಿಸಿ ಕೋರ್ಸ್ ಸೇರಬಹುದು.

ಅರ್ಧ ಇಟ್ಟುಕೊಂಡರೆ ತಿಂಗಳ ಖರ್ಚು ಹೇಗೋ ನಡೆಯುತ್ತದೆ. ಬೆಂಗಳೂರಿನ ನಿಫ್ಟ್‌ನಂಥ (ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ) ಕಡೆ ಪದವಿ ಅಂದರೆ 4 ವರ್ಷ. ಉಳಿತಾಯ ಬೇಕೇ ಬೇಕು. ವಯಸ್ಸಿನ ಮಿತಿಯನ್ನೂ ಮೊದಲೇ ನೋಡಿಕೊಳ್ಳಿ.

ನಿಜವಾದ ವ್ಯತ್ಯಾಸ ಇರೋದು ಕಲಿಕೆಯಲ್ಲಿ. ಗವಂತಿ, ಮುರ್ಗಿಯಂಥ ಕಸೂತಿ ಹೊಲಿಗೆ ಹಾಕುವ ಕೈ ಬಟ್ಟೆಯ ಎಳೆ ಎಣಿಸಿಯೇ ಗೋಪುರ, ನವಿಲು ಮೂಡಿಸುತ್ತದೆ. ಆ ಲೆಕ್ಕ ಗ್ರಾಫ್ ಹಾಳೆಗೆ ಸಲೀಸಾಗಿ ಇಳಿಯುತ್ತದೆ. ಹಾಗಾಗಿ ಪ್ರಿಂಟ್ ವಿನ್ಯಾಸ ಮನೆಯಲ್ಲೇ ಸಾಧ್ಯ. ಚಿತ್ರದ ಎಡ ಅಂಚು ಬಲಕ್ಕೆ, ಮೇಲಿನದು ಕೆಳಕ್ಕೆ ಕೂಡಿದರೆ ರಿಪೀಟ್, ಅಂದರೆ ಬಟ್ಟೆ ತುಂಬ ಮರುಕಳಿಸುವ ಚಿತ್ರ, ಸರಿಯಾಯಿತು. ನೇಯ್ಗೆ ಹಾಗಲ್ಲ. ಇಳಕಲ್ ಸೀರೆಯ ಮೈಗೆ ಸೆರಗು ಸೇರಿಸುವ ಕೊಂಡಿ ಕೆಲಸ ಮಗ್ಗದ ಮುಂದೆ ಕೂತರೇನೇ ಅರ್ಥವಾಗೋದು. ಬಣ್ಣಗಾರಿಕೆಗೂ ಲ್ಯಾಬ್ ಇದ್ದರೆ ಒಳ್ಳೇದು, ಅಲ್ವಾ?

ಸಾಲ, ಪುಟ್ಟ ಮಕ್ಕಳು ಇದ್ದು ಪ್ರಿಂಟ್ ಸಾಕೆನಿಸಿದರೆ ಅರ್ಧಕ್ಕಿಳಿಸಿ. ನೇಯ್ಗೆ ಅಥವಾ ಮಿಲ್ ಕೆಲಸ ಬೇಕಿದ್ದು, ಕೈಯಲ್ಲಿ ದುಡ್ಡೂ ಇದ್ದರೆ ಕೋರ್ಸ್. ಇಳಿಸುವುದಾದರೆ ಮದುವೆ ಸೀಸನ್ ಆರ್ಡರ್ ಉಳಿಸಿಕೊಂಡು ಸಣ್ಣಪುಟ್ಟ ಕಸ್ಟಮ್ ಕೆಲಸ ಬಿಡಿ. ಸಮಯ ತಿನ್ನೋದು ಅವೇ.