ಭಾವನ ಸ್ಟುಡಿಯೋಗೆ ಸರ್ವರ್: ನಾಲ್ಕು ಯಂತ್ರ ಓಡಿಸಿ ನೋಡಿದ ಲೆಕ್ಕ

ಸಾಗರದಲ್ಲಿ ನಮ್ಮ ಭಾವನದ್ದು ಫೋಟೋ ಸ್ಟುಡಿಯೋ. ಮದುವೆ, ಉಪನಯನ, ಗೃಹಪ್ರವೇಶ ಅಂತ ಸುತ್ತಲ ಊರುಗಳಿಗೆಲ್ಲ ಅವರೇ ಹೋಗುತ್ತಾರೆ. ತೆಗೆದ ಫೋಟೋಗಳೆಲ್ಲ ಕೊನೆಗೆ ಸೇರುತ್ತಿದ್ದದ್ದು ಮೇಜಿನ ಒಂದು ಡ್ರಾಯರ್‌ಗೆ. ಅದರಲ್ಲಿ 11 ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗಳಿದ್ದವು. ಒಂದೊಂದರ ಮೇಲೂ ಹೆಸರು, ತಾರೀಖು ಬರೆದ ಚೀಟಿ. 2024ರ ಬೇಸಿಗೆಯಲ್ಲಿ ಅವುಗಳಲ್ಲೊಂದು ತೆರೆಯಲೇ ಇಲ್ಲ. ಒಂದು ಮದುವೆಯ ಅರ್ಧದಷ್ಟು ಫೋಟೋ ಅದರಲ್ಲಿತ್ತು. "ಇನ್ನೊಂದ್ಸಲ ತಾಳಿ ಕಟ್ಟಿ ಅಂತ ಹೇಳೋಕಾಗತ್ತಾ ಮಾರಾಯ?" ಎಂದರು ಭಾವ. ಅವರ ದನಿ ಕೇಳಿಯೇ ನನಗೆ ಸಂಕಟವಾಯಿತು. ಎಲ್ಲ ಫೋಟೋ ಒಂದೇ ಕಡೆ ಇಟ್ಟು ನೆಟ್‌ವರ್ಕ್ ಮೂಲಕ ಕೊಡುವ ಯಂತ್ರ, ಅಂದರೆ ಒಂದು ಸರ್ವರ್ ಹಾಕೋಣ ಎಂದು ಅವತ್ತೇ ತೀರ್ಮಾನ ಮಾಡಿದೆವು.

ಆಷಾಢದಲ್ಲಿ ಮದುವೆ ಇರುವುದಿಲ್ಲ. ಹೊಸ ಪ್ರಯೋಗಕ್ಕೆ ಅದೇ ಸರಿಯಾದ ಸಮಯ. ಯಂತ್ರ ಹುಡುಕುವ ಮೊದಲು ಒಂದು ಸಂಜೆ ಹಳೇ ಬಿಲ್ ಪುಸ್ತಕ ಹಿಡಿದು ಕೂತೆವು. ಅವರ ಕ್ಯಾಮೆರಾದಲ್ಲಿ ಒಂದು ರಾ ಫೈಲ್ (ಕುಗ್ಗಿಸದ ಮೂಲ ಫೋಟೋ) ಸುಮಾರು 28 ಎಂಬಿ. ದೊಡ್ಡ ಮದುವೆಯಲ್ಲಿ ಇಬ್ಬರು ಸೇರಿ 3,500 ಫೋಟೋ ತೆಗೆಯುತ್ತಾರೆ. ಅಲ್ಲಿಗೆ 98 ಜಿಬಿ. ವಿಡಿಯೋ ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ರೆಕಾರ್ಡ್ ಆಗುತ್ತದೆ, ಅಂದರೆ ಗಂಟೆಗೆ 45 ಜಿಬಿ. ಮೂರು ಗಂಟೆಗೆ 135. ಒಂದೇ ಮದುವೆಗೆ 230 ಜಿಬಿ ದಾಟಿತು! ಸಣ್ಣ ಕಾರ್ಯಕ್ರಮಗಳನ್ನೂ ಸೇರಿಸಿದರೆ ಸರಾಸರಿ 150 ಜಿಬಿ. ವರ್ಷಕ್ಕೆ 35 ಕಾರ್ಯಕ್ರಮ. ಒಟ್ಟು 5.25 ಟಿಬಿ.

ಈ ಲೆಕ್ಕ ಹಾಕದೇ ಹೋಗಿದ್ದರೆ ನಾವು 4 ಟಿಬಿಯ ಎರಡು ಡಿಸ್ಕ್ ತಂದು ಕೂರುತ್ತಿದ್ದೆವು. ಒಂದರಲ್ಲಿದ್ದದ್ದೇ ಇನ್ನೊಂದರಲ್ಲೂ ಇರುವಂತೆ, ಕನ್ನಡಿಯ ಹಾಗೆ ಎರಡನ್ನೂ ಜೋಡಿಸಿದರೆ ಸಿಗುವ ಜಾಗ ಒಂದರದ್ದು ಮಾತ್ರ. ವರ್ಷ ತುಂಬುವ ಮೊದಲೇ ಅದು ಭರ್ತಿ.

ಆಮೇಲೆ ಓಎಸ್‌ಗಳು, ಅಂದರೆ ಯಂತ್ರ ನಡೆಸುವ ಮೂಲ ಸಾಫ್ಟ್‌ವೇರ್‌ಗಳು ಏನು ಕೇಳುತ್ತವೆ ಎಂದು ನೋಡಿದೆ. ಉಬುಂಟು ಸರ್ವರ್ 24.04ಕ್ಕೆ ಕನಿಷ್ಠ 1.5 ಜಿಬಿ ರ‍್ಯಾಮ್, 5 ಜಿಬಿ ಡಿಸ್ಕ್ ಸಾಕು. ವಿಂಡೋಸ್ ಸರ್ವರ್ 2022 ಡೆಸ್ಕ್‌ಟಾಪ್ ಸಮೇತ ಬೇಕಿದ್ದರೆ 2 ಜಿಬಿ ರ‍್ಯಾಮ್, 32 ಜಿಬಿ ಡಿಸ್ಕ್. ಒಂದೇ ಯಂತ್ರದೊಳಗೆ ಹಲವು ವರ್ಚುವಲ್ ಯಂತ್ರ ಓಡಿಸುವ ಪ್ರಾಕ್ಸ್‌ಮಾಕ್ಸ್ ತನಗೇ 2 ಜಿಬಿ ಕೇಳುತ್ತದೆ, ಒಳಗೆ ಓಡುವ ವರ್ಚುವಲ್ ಯಂತ್ರಗಳಿಗೆ ಬೇರೆ ಕೊಡಬೇಕು. ಫೈಲ್ ಕಾಯುವುದಕ್ಕೆಂದೇ ಇರುವ ಟ್ರೂನ್ಯಾಸ್‌ಗೆ 8 ಜಿಬಿಗಿಂತ ಕಡಿಮೆ ಆಗುವುದಿಲ್ಲ. ಈ ಅಂಕಿಗಳು ಸರಿಯೇ. ಆದರೆ ಇವು ಓಎಸ್ ಎದ್ದು ನಿಲ್ಲಲು ಬೇಕಾದಷ್ಟು ಮಾತ್ರ. ಅದರ ಮೇಲೆ ಹೊರೆ ಹೊರಿಸುವವರು ನಾವು. ಹೊರೆ ಎಷ್ಟು ಅಂತ ಓಎಸ್ ಮಾಡಿದವರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ಮೊದಲು ಕೂರಿಸಿದ್ದು ನನ್ನ ಹತ್ತಿರ ಇದ್ದ ರಾಸ್ಪ್‌ಬೆರಿ ಪೈ 4. 4 ಜಿಬಿ ರ‍್ಯಾಮ್, ಯುಎಸ್‌ಬಿಯಲ್ಲಿ ಒಂದು ಡಿಸ್ಕ್. ಉಬುಂಟು ಸರ್ವರ್ ಹಾಕಿ, ನೆಟ್‌ವರ್ಕ್‌ನಲ್ಲಿ ಫೈಲ್ ಹಂಚುವ ಸಾಂಬಾ ಓಡಿಸಿದೆ. ಅಂಗೈ ಅಗಲದ ಯಂತ್ರ, ಸದ್ದೇ ಇಲ್ಲ. ಪ್ಲಗ್‌ಗೆ ಹಾಕುವ ವಾಟ್ ಮೀಟರ್‌ನಲ್ಲಿ ಡಿಸ್ಕ್ ಸೇರಿ 10 ವಾಟ್ ತೋರಿಸಿತು. ಆದರೆ 200 ಜಿಬಿಯ ಒಂದು ಮದುವೆ ಕಾಪಿ ಮಾಡಲು ಐದು ಗಂಟೆ ಹಿಡಿಯಿತು. ಪೈಗೆ ತಾಕತ್ತು ಸಾಲದು ಅಂತಲೇ ಅಂದುಕೊಂಡೆವು.

ತಪ್ಪು ಬೇರೆ ಕಡೆ ಇತ್ತು. ಸೆಕೆಂಡಿಗೆ ಸರಿಯಾಗಿ 11 ಎಂಬಿ ಹೋಗುತ್ತಿತ್ತು. ಆ ಅಂಕಿ ಕಂಡರೆ ನೆಟ್‌ವರ್ಕ್ 100 ಮೆಗಾಬಿಟ್‌ನಲ್ಲಿ ನಿಂತಿದೆ ಅಂತಲೇ ಅರ್ಥ. ಗೋಡೆಯೊಳಗೆ ಹೋಗಿದ್ದ ಹಳೇ ಕೇಬಲ್‌ನಲ್ಲಿ ಎರಡು ಜೋಡಿ ತಂತಿ ಮಾತ್ರ ಸರಿ ಇದ್ದವು. 100 ಮೆಗಾಬಿಟ್‌ಗೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ಹೊಸ ಕೇಬಲ್ ಎಳೆಸಿದೆವು. ಅದೇ ಪೈ, ಅದೇ ಡಿಸ್ಕ್. ಐದು ಗಂಟೆಯ ಕೆಲಸ ಅರ್ಧ ಗಂಟೆಗೆ ಇಳಿಯಿತು. ಯಂತ್ರಕ್ಕೆ ದುಡ್ಡು ಸುರಿಯುವ ಮೊದಲು ಸ್ವಿಚ್, ಕೇಬಲ್ ನೋಡಿ ಎಂದು ಈಗ ಎಲ್ಲರಿಗೂ ಹೇಳುತ್ತೇನೆ.

ಇನ್ನೊಂದು ಸಂಗತಿಯೂ ಅಲ್ಲೇ ಗೊತ್ತಾಯಿತು. ಗಿಗಾಬಿಟ್‌ನಲ್ಲಿ ಎಷ್ಟೇ ಎಳೆದರೂ ಸೆಕೆಂಡಿಗೆ ಸುಮಾರು 110 ಎಂಬಿ. ಇವತ್ತಿನ ಒಂದು ಸಾಮಾನ್ಯ ದೊಡ್ಡ ಹಾರ್ಡ್‌ಡಿಸ್ಕೇ ದೊಡ್ಡ ಫೈಲ್‌ಗಳನ್ನು ಅದಕ್ಕಿಂತ ಬೇಗ ಓದುತ್ತದೆ. ಹಾಗಾಗಿ ಫೋಟೋ ಇಡಲು ಇನ್ನೂ ವೇಗದ ಎಸ್‌ಎಸ್‌ಡಿ ಕೊಂಡರೆ ಸುಮ್ನೆ ಖರ್ಚು. ಎಸ್‌ಎಸ್‌ಡಿ ಬೇಕಿರುವುದು ಎಡಿಟಿಂಗ್ ಮಾಡುವ ಕಂಪ್ಯೂಟರ್‌ಗೆ. ಫೋಟೋ ಎಡಿಟ್ ಮಾಡುವ ಲೈಟ್‌ರೂಮ್ ಕ್ಲಾಸಿಕ್ ತನ್ನ ಕ್ಯಾಟಲಾಗನ್ನು (ಫೋಟೋಗಳ ವಿವರ ಇರುವ ಫೈಲ್) ನೆಟ್‌ವರ್ಕ್ ಡಿಸ್ಕ್ ಮೇಲೆ ಇಡಲು ಬಿಡುವುದೂ ಇಲ್ಲ.

ಪೈಯನ್ನು ಕೈಬಿಟ್ಟಿದ್ದು ವೇಗಕ್ಕಾಗಿ ಅಲ್ಲ. ಮಳೆ ಜೋರಾದಾಗ ದಿನಕ್ಕೆ ನಾಲ್ಕೈದು ಸಲ ಕರೆಂಟ್ ಹೋಗುತ್ತಿತ್ತು. ಒಮ್ಮೆ ಎಸ್‌ಡಿ ಕಾರ್ಡ್ ಕೆಟ್ಟು ಪೈ ಏಳಲೇ ಇಲ್ಲ. ಫೋಟೋ ಡಿಸ್ಕ್ ಸರಿ ಇತ್ತು, ಆದರೆ ಭಾವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಸ್ಟುಡಿಯೋದ ಇಡೀ ಸಂಪತ್ತು ಒಂದು ಯುಎಸ್‌ಬಿ ವೈರ್ ಮೇಲೆ ನೇತಾಡುವುದು ನನಗೂ ಇಷ್ಟವಾಗಲಿಲ್ಲ. ಗಿರಾಕಿಗಳಿಗೆ ಫೋಟೋ ತೋರಿಸಲು ಇಮ್ಮಿಚ್ ಎಂಬ ಸಾಫ್ಟ್‌ವೇರ್ ಹಾಕಿದ್ದೆ. ಮುಖ ಗುರುತಿಸುವ ಕೆಲಸ ಶುರುವಾದರೆ 4 ಜಿಬಿ ರ‍್ಯಾಮ್ ತುಂಬಿ, ಕಾಪಿ ಮಾಡುವುದೂ ತೆವಳುತ್ತಿತ್ತು.

ಎರಡನೆಯದು ಮಿನಿ ಪಿಸಿ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಕೊಂಡ ಸೆಕೆಂಡ್‌ಹ್ಯಾಂಡ್ ಯಂತ್ರ. ಐ5-6500ಟಿ, 8 ಜಿಬಿ ರ‍್ಯಾಮ್. ಸುಮ್ಮನಿದ್ದಾಗ 12 ವಾಟ್. ನಾಲ್ಕರಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ. ಮನೆಗೆ, ಸಣ್ಣ ಆಫೀಸಿಗೆ, ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಇದಕ್ಕಿಂತ ಒಳ್ಳೆಯದು ಬೇಡ. ಆದರೆ ಒಳಗೆ ಒಂದು ಎಂ.2 ಎಸ್‌ಎಸ್‌ಡಿಗೆ (ಬೋರ್ಡ್ ಮೇಲೇ ಸಿಕ್ಕಿಸುವ ಪಟ್ಟಿ), ಒಂದು ಲ್ಯಾಪ್‌ಟಾಪ್ ಡಿಸ್ಕ್‌ಗೆ ಜಾಗ, ಅಷ್ಟೇ. ನಮಗೆ ಬೇಕಿದ್ದದ್ದು 3.5 ಇಂಚಿನ ಎರಡು ದೊಡ್ಡ ಡಿಸ್ಕ್. ಮತ್ತೆ ಯುಎಸ್‌ಬಿಗೇ ಹೋಗಬೇಕು. ಮನಸ್ಸಿಲ್ಲದ ಮನಸ್ಸಿನಿಂದ ಅದನ್ನು ತೆಗೆದು ನಮ್ಮ ಮನೆಗೆ ತಂದೆ.

ಮೂರನೆಯದು ನಿಜವಾದ ರ‍್ಯಾಕ್ ಸರ್ವರ್. ಗೆಳೆಯನೊಬ್ಬ ಒಂದು ತಿಂಗಳಿಗೆ ಕೊಟ್ಟಿದ್ದ. ಎರಡು ಜಿಯಾನ್ ಇ5-2620 ವಿ2 ಪ್ರೊಸೆಸರ್, ಒಟ್ಟು 12 ಕೋರ್, 64 ಜಿಬಿ ಇಸಿಸಿ ರ‍್ಯಾಮ್, ಮುಂದೆ ಎಂಟು ಡಿಸ್ಕ್‌ಗೆ ಜಾಗ. ಕಾಗದದ ಮೇಲೆ ನೋಡಿದರೆ ಬೇರೆ ಯಾವುದೂ ಇದರ ಹತ್ತಿರ ಬರುವುದಿಲ್ಲ. ಸ್ಟುಡಿಯೋದಲ್ಲಿ ಇಟ್ಟ ಮೊದಲ ದಿನವೇ ಅಕ್ಕ ಬಂದು, "ಇದೇನೋ ಹಿಟ್ಟಿನ ಗಿರಣಿ ತಂದಿಟ್ಟೀಯಾ?" ಎಂದು ಕೇಳಿದಳು. ಫೋಟೋ ನೋಡಲು ಬಂದವರ ಜೊತೆ ದನಿ ಎತ್ತಿ ಮಾತಾಡಬೇಕಾಯಿತು. ಉದ್ದ ಎಷ್ಟಿತ್ತೆಂದರೆ ಕಪಾಟಿನ ಬಾಗಿಲು ಹಾಕಲು ಆಗಲಿಲ್ಲ.

ಸದ್ದಿಗಿಂತ ಹೆಚ್ಚು ತೊಂದರೆ ಕೊಟ್ಟಿದ್ದು ಕರೆಂಟ್. ಸುಮ್ಮನೆ ಕೂತಾಗಲೇ 130 ವಾಟ್. ತಿಂಗಳಿಗೆ 94 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿದರೆ 750 ರೂಪಾಯಿ. ಅದೇ ಲೆಕ್ಕದಲ್ಲಿ ಮಿನಿ ಪಿಸಿಗೆ 70 ರೂಪಾಯಿಯೂ ಆಗುವುದಿಲ್ಲ. ಬಿಲ್ ಹೇಗೋ ಕಟ್ಟಬಹುದು, ಯುಪಿಎಸ್? 600 ವಿಎ ಯುಪಿಎಸ್ ಮೇಲೆ ಇದು ಹತ್ತು ನಿಮಿಷ ನಿಂತಿತು, ಅಷ್ಟೇ. ಮತ್ತೆ ಆನ್ ಮಾಡಿದರೆ ಎಲ್ಲ ಪರೀಕ್ಷೆ ಮುಗಿಸಿ ಏಳಲು ಐದು ನಿಮಿಷ.

ಹಳೇ ಸರ್ವರ್ ಕೊಳ್ಳುವವರು ನೋಡಲೇಬೇಕಾದ ಎರಡು ವಿಷಯ ಇಲ್ಲಿ ಹೇಳುತ್ತೇನೆ. ಒಂದು, ಪ್ರೊಸೆಸರ್‌ನ ತಲೆಮಾರು. ಹೊಸ ಪ್ರೊಸೆಸರ್‌ಗಳಿಗೆ ತಿಳಿಯುವ ಎವಿಎಕ್ಸ್2 ಎಂಬ ಆಜ್ಞೆಗಳ ಗುಂಪು ಈ ಜಿಯಾನ್‌ನಲ್ಲಿ ಇಲ್ಲ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10ಕ್ಕೆ ಅದು ಬೇಕೇ ಬೇಕು. 12 ಕೋರ್ ಇದ್ದರೂ, 64 ಜಿಬಿ ಇದ್ದರೂ ಆ ಓಎಸ್ ಇದರ ಮೇಲೆ ಓಡುವುದಿಲ್ಲ. ಅಲ್ಮಾಲಿನಕ್ಸ್ 10ರವರು ಹಳೇ ಪ್ರೊಸೆಸರ್‌ಗಳಿಗೆಂದು ಬೇರೆ ಆವೃತ್ತಿ ಕೊಡುತ್ತಾರೆ, ಡೆಬಿಯನ್ ಹಾಕಿದರೂ ತೊಂದರೆಯಿಲ್ಲ. ಎರಡು, ರೇಡ್ ಕಾರ್ಡ್, ಅಂದರೆ ಹಲವು ಡಿಸ್ಕ್‌ಗಳನ್ನು ಸೇರಿಸಿ ಒಂದಾಗಿ ತೋರಿಸುವ ಕಾರ್ಡ್. ಅದು ಡಿಸ್ಕ್‌ಗಳನ್ನು ತನ್ನ ಹಿಂದೆ ಮುಚ್ಚಿಡುತ್ತದೆ. ಟ್ರೂನ್ಯಾಸ್ ಫೈಲ್ ಇಡಲು ಬಳಸುವ ಝಡ್‌ಎಫ್‌ಎಸ್‌ ವ್ಯವಸ್ಥೆಗೆ ಡಿಸ್ಕ್‌ಗಳು ನೇರವಾಗಿ ಕಾಣಬೇಕು. ಕಾರ್ಡನ್ನು ಹಾಗೆ ನೇರವಾಗಿ ತೋರಿಸುವ ಎಚ್‌ಬಿಎ ಮೋಡ್‌ಗೆ ತರಲು ಆಗುತ್ತದೋ ಇಲ್ಲವೋ ಎಂದು ಕೊಳ್ಳುವ ಮೊದಲೇ ಕೇಳಿ.

ಇದನ್ನು ವಾಪಸ್ ಕೊಡುವಾಗ ಒಂದಕ್ಕೆ ಮಾತ್ರ ಬೇಜಾರಾಯಿತು. ಇಸಿಸಿ ರ‍್ಯಾಮ್. ನೆನಪಿನಲ್ಲಿ ಒಂದು ಬಿಟ್ ತಿರುವುಮುರುವಾದರೆ ಅದೇ ಹಿಡಿದು ಸರಿ ಮಾಡುತ್ತದೆ. ಫೋಟೋ ಕಾಯುವ ಯಂತ್ರದಲ್ಲಿ ಅದು ಇರಬೇಕಿತ್ತು.

ನಾಲ್ಕನೆಯದು ಸಾಮಾನ್ಯ ಟವರ್. ಐ5-6500, 16 ಜಿಬಿ ರ‍್ಯಾಮ್, ಡಿಸ್ಕ್ ಸಿಕ್ಕಿಸಲು ನಾಲ್ಕು ಸಾಟಾ ಪೋರ್ಟ್, ನಾಲ್ಕು ದೊಡ್ಡ ಡಿಸ್ಕ್ ಹಿಡಿಯುವ ಪೆಟ್ಟಿಗೆ. ನೋಡಲು ಏನೂ ವಿಶೇಷವಿಲ್ಲ. ಎರಡು 8 ಟಿಬಿ ಡಿಸ್ಕ್ ತಿರುಗುತ್ತಿರುವಾಗ 38 ವಾಟ್, ತಿಂಗಳಿಗೆ 27 ಯೂನಿಟ್. ಅದೇ ಯುಪಿಎಸ್ ಮೇಲೆ ಮುಕ್ಕಾಲು ಗಂಟೆ ನಿಂತಿತು. ಈ ಐ5ನಲ್ಲಿ ಇಸಿಸಿ ಇಲ್ಲ. ಅದೇ ತಲೆಮಾರಿನ ಕೆಲವು ಐ3ಗಳಲ್ಲಿ, ಜಿಯಾನ್‌ಗಳಲ್ಲಿ ಇದೆ, ಆದರೆ ಅದಕ್ಕೆ ಹೊಂದುವ ಬೋರ್ಡೂ ಬೇಕು. ನಮಗೆ ಸಿಗಲಿಲ್ಲ. ಅದಕ್ಕೇ ಒಂದು ರಾತ್ರಿಯಿಡೀ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿ, ಒಂದೂ ತಪ್ಪು ಬರಲಿಲ್ಲ ಎಂದು ನೋಡಿಯೇ ಮುಂದೆ ಹೋದೆ. ವಿಡಿಯೋ ವಿಷಯದಲ್ಲೂ ಒಂದು ಮಿತಿ ಇದೆ. 6ನೇ ತಲೆಮಾರಿನ ಇಂಟೆಲ್ ಚಿಪ್ ಎಚ್‌ಇವಿಸಿ ಎಂಬ ವಿಧಾನದಲ್ಲಿ ಕುಗ್ಗಿಸಿದ 8 ಬಿಟ್ ವಿಡಿಯೋವನ್ನು ತಾನೇ ಬಿಡಿಸುತ್ತದೆ, 10 ಬಿಟ್‌ಗೆ 7ನೇ ತಲೆಮಾರು ಬೇಕು. ಭಾವನ ವಿಡಿಯೋ ಎಲ್ಲ 8 ಬಿಟ್, ಹಾಗಾಗಿ ನಡೆಯಿತು. ನಿಮ್ಮದು 10 ಬಿಟ್ ಆಗಿದ್ದರೆ ಒಂದು ತಲೆಮಾರು ಮುಂದಿನದನ್ನೇ ಹುಡುಕಿ.

ಇದರ ಮೇಲೆ ಮೂರು ಓಎಸ್ ಹಾಕಿ ನೋಡಿದೆ. ಉಬುಂಟು ಸರ್ವರ್ ನನ್ನ ಕೈಗೆ ಪಳಗಿದ್ದು. ಮೊದಲ ಸಲ ಹಾಕುವವರು ಒಂದು ಕಡೆ ಗಮನ ಕೊಡಿ. ಇನ್‌ಸ್ಟಾಲರ್ ಡಿಸ್ಕ್ ಪಾಲು ಮಾಡುವ ಎಲ್‌ವಿಎಂ ಬಳಸಿ ದೊಡ್ಡ ಡಿಸ್ಕ್‌ನಲ್ಲೂ ಮೂಲ ಭಾಗಕ್ಕೆ 100 ಜಿಬಿ ಮಾತ್ರ ಕೊಡುತ್ತದೆ. ಉಳಿದದ್ದು ಖಾಲಿ ಬಿದ್ದಿರುತ್ತದೆ, ನಾವೇ ಹಿಗ್ಗಿಸಿಕೊಳ್ಳಬೇಕು. ಪ್ರಾಕ್ಸ್‌ಮಾಕ್ಸ್ ಸೊಗಸಾಗಿದೆ. ಆದರೆ ನಮಗೆ ಬೇಕಿದ್ದದ್ದು ಒಂದೇ ಕೆಲಸದ ಯಂತ್ರ. 16 ಜಿಬಿಯನ್ನು ನಾಲ್ಕು ಪಾಲು ಮಾಡಲು ಮನಸ್ಸಾಗಲಿಲ್ಲ. ವಿಂಡೋಸ್ ಸರ್ವರ್ ಲೈಸೆನ್ಸನ್ನು ಕನಿಷ್ಠ 16 ಕೋರ್ ಲೆಕ್ಕದಲ್ಲಿ ಕೊಳ್ಳಬೇಕು. ನಮ್ಮ ನಾಲ್ಕು ಕೋರ್‌ನ ಟವರ್‌ಗೂ ಅಷ್ಟೇ. ಹಾಗಾಗಿ ಅದನ್ನು ಹಾಕಿ ನೋಡಲೇ ಇಲ್ಲ.

ಕೊನೆಗೆ ನಿಂತದ್ದು ಟ್ರೂನ್ಯಾಸ್. ನಾನಿರುವುದು ಬೆಂಗಳೂರಿನಲ್ಲಿ. ಸಾಗರದಲ್ಲಿ ದಿನಾ ನೋಡಿಕೊಳ್ಳುವವನು ಸ್ಟುಡಿಯೋದ ಹುಡುಗ. ಅವನು ಬ್ರೌಸರ್ ತೆರೆದರೆ ಡಿಸ್ಕ್ ಎಷ್ಟು ತುಂಬಿದೆ, ಯಾವುದಾದರೂ ಕೆಟ್ಟಿದೆಯಾ ಎಂದು ಕಾಣಬೇಕು. ಯುಪಿಎಸ್‌ನ ಯುಎಸ್‌ಬಿ ವೈರ್ ಸಿಕ್ಕಿಸಿ ಹೇಳಿಬಿಟ್ಟರೆ, ಬ್ಯಾಟರಿ ಮುಗಿಯುವ ಮೊದಲು ಯಂತ್ರ ತಾನಾಗಿ ಆಫ್ ಆಗುತ್ತದೆ. ಈ ಓಎಸ್ ಆರಿಸಿದ ಕೂಡಲೇ ಹಾರ್ಡ್‌ವೇರ್ ಲೆಕ್ಕವೂ ಬದಲಾಯಿತು. 8 ಜಿಬಿ ಕನಿಷ್ಠ ಅಂದಮೇಲೆ ಇಮ್ಮಿಚ್ ಸೇರಿಸಿ 16 ಬೇಕಾಯಿತು. ಓಎಸ್ ಇರುವ ಬೂಟ್ ಡಿಸ್ಕ್ ಪೂರ್ತಿ ಅದಕ್ಕೇ ಮೀಸಲು, ಅದರಲ್ಲಿ ಫೋಟೋ ಇಡಲು ಬಿಡುವುದಿಲ್ಲ. ಅದಕ್ಕೆಂದು ಸಣ್ಣ ಎಂ.2 ಎಸ್‌ಎಸ್‌ಡಿ ಹಾಕಿದೆ. ನಾಲ್ಕು ಸಾಟಾ ಪೋರ್ಟೂ ಡಿಸ್ಕ್‌ಗಳಿಗೇ ಉಳಿದವು. ಕೊಳ್ಳುವಾಗ ಎನ್‌ವಿಎಂಇ ಎಂ.2ವನ್ನೇ ತೆಗೆದುಕೊಳ್ಳಿ. ಸಾಟಾ ಮಾದರಿಯದ್ದು ಹಾಕಿದರೆ ಕೆಲವು ಬೋರ್ಡ್‌ಗಳಲ್ಲಿ ಒಂದು ಸಾಟಾ ಪೋರ್ಟ್ ನಿಂತುಹೋಗುತ್ತದೆ.

ಶುರುವಾದ ಮೇಲೆ ಭಾವ ಫೋನ್ ಮಾಡಿ ಗಾಬರಿಯಿಂದ ಹೇಳಿದರು, "ರ‍್ಯಾಮ್ ಎಲ್ಲಾ ತುಂಬಿಹೋಗಿದೆ ಕಣೋ." ಗಾಬರಿ ಬೇಡ. ಖಾಲಿ ಇರುವ ರ‍್ಯಾಮ್‌ನಲ್ಲಿ ಝಡ್‌ಎಫ್‌ಎಸ್ ಇತ್ತೀಚೆಗೆ ಓದಿದ ಫೈಲ್‌ಗಳನ್ನು ಇಟ್ಟುಕೊಳ್ಳುತ್ತದೆ. ಬೇರೆಯವರಿಗೆ ಬೇಕಾದಾಗ ಬಿಟ್ಟುಕೊಡುತ್ತದೆ. ಬಿಟ್ಟುಕೊಟ್ಟ ಮೇಲೂ ಪ್ರೋಗ್ರಾಂಗಳು ಜಾಗವಿಲ್ಲದೆ ನಿಂತುಹೋಗುತ್ತಿದ್ದರೆ ಮಾತ್ರ ರ‍್ಯಾಮ್ ಸಾಲದು ಎಂದು ತಿಳಿಯಬೇಕು.

ಕನ್ನಡಿಯಂತೆ ಜೋಡಿಸಿದ ಎರಡು 8 ಟಿಬಿ ಡಿಸ್ಕ್ ಒಳಗೆ ಒಟ್ಟಾಗಿ ಕಾಣುವುದು 7.27 ಎಂದು. ಅಂಗಡಿಯವರು ಸಾವಿರದಲ್ಲಿ ಎಣಿಸುತ್ತಾರೆ, ಓಎಸ್ 1,024ರಲ್ಲಿ ಎಣಿಸುತ್ತದೆ. ಅದರಲ್ಲೂ 80 ಶೇಕಡಾ ದಾಟಬಾರದು ಎಂದು ಇಟ್ಟುಕೊಂಡಿದ್ದೇವೆ. ವರ್ಷಕ್ಕೆ 5.25 ಟಿಬಿ ಬರುವವರಿಗೆ ಇದು ಒಂದು ವರ್ಷ ಮತ್ತು ಕೆಲವು ತಿಂಗಳು. ಖಾಲಿ ಇರುವ ಎರಡು ಪೋರ್ಟ್‌ಗೆ ಇನ್ನೊಂದು ಜೋಡಿ ಬರುವ ಆಷಾಢದಲ್ಲಿ.

ಸ್ಟುಡಿಯೋದ ಹುಡುಗ ಒಮ್ಮೆ ಕೈತಪ್ಪಿ ಒಂದು ಮದುವೆಯ ಫೋಲ್ಡರನ್ನೇ ಅಳಿಸಿಬಿಟ್ಟಿದ್ದ. ಫೈಲ್‌ಗಳು ಆ ಹೊತ್ತಿಗೆ ಹೇಗಿದ್ದವೋ ಹಾಗೇ ಹಿಡಿದಿಡುವ ಬೆಳಗಿನ ಸ್ನ್ಯಾಪ್‌ಶಾಟ್‌ನಿಂದ ಎರಡೇ ನಿಮಿಷದಲ್ಲಿ ಎಲ್ಲಾ ವಾಪಸ್ ಬಂತು. ಆದರೆ ಸಿಡಿಲು ಹೊಡೆದರೆ ಸ್ನ್ಯಾಪ್‌ಶಾಟೂ ಹೋಗುತ್ತದೆ, ಜೋಡಿ ಡಿಸ್ಕೂ ಹೋಗುತ್ತದೆ. ಅದಕ್ಕೇ ಪ್ರತಿ ಶನಿವಾರ ಸಂಜೆ ಭಾವ ಮೂರನೇ ಪ್ರತಿಯ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಸ್ಕೂಟರ್‌ನ ಡಿಕ್ಕಿಯಲ್ಲಿಟ್ಟು ಮನೆಗೆ ಒಯ್ಯುತ್ತಾರೆ. ಸೋಮವಾರ ಬೆಳಿಗ್ಗೆ ವಾಪಸ್ ತರುವುದು ಅಂಥದೇ ಇನ್ನೊಂದು ಡಿಸ್ಕನ್ನು. ಎರಡರಲ್ಲಿ ಒಂದು ಯಾವಾಗಲೂ ಮನೆಯ ಕಪಾಟಿನಲ್ಲೇ ಇರುತ್ತದೆ.