ತರಗತಿ, ಜಾಲತಾಣ, ಎಸ್.ಪಿ. ರಸ್ತೆ: ಕಂಪ್ಯೂಟರ್ ಕೆಲಸ ಕಲಿಯಲು ನಾನು ತುಳಿದ ಮೂರು ದಾರಿಗಳು

ಬಿ.ಕಾಂ. ಮುಗಿಸಿ ಎರಡು ವರ್ಷ ತುಮಕೂರಿನ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಟ್ಯಾಲಿ ತುಂಬಿಸಿದ ಮೇಲೆ, ಕೈಯಲ್ಲಿ ಇನ್ನೊಂದು ಕಸುಬು ಇದ್ದರೆ ಒಳ್ಳೆಯದು ಎನಿಸಿತು. ಜಾಲತಾಣ ಕಟ್ಟುವುದು, ಅಂತರ್ಜಾಲದಲ್ಲಿ ಜಾಹೀರಾತು ನಡೆಸುವುದು, ಕೆಟ್ಟ ಕಂಪ್ಯೂಟರ್ ಬಿಚ್ಚಿ ಸರಿಮಾಡುವುದು. ಮೂರರಲ್ಲಿ ಯಾವುದು ಒಗ್ಗುತ್ತದೋ ಗೊತ್ತಿರಲಿಲ್ಲ, ಆದ್ದರಿಂದ ಮೂರಕ್ಕೂ ಕೈಹಾಕಿದೆ. ಕಲಿಯಲು ಹಿಡಿದ ದಾರಿಗಳೂ ಮೂರೇ ಆದವು: ಮೊದಲು ಹಣ ಕಟ್ಟಿ ತರಗತಿ, ಆಮೇಲೆ ಪುಕ್ಕಟೆ ಜಾಲತಾಣಗಳು, ಕೊನೆಗೆ ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ರಿಪೇರಿ ಅಂಗಡಿ.

ತರಗತಿಯ ಶುಲ್ಕ 32,000 ರೂಪಾಯಿ. ಅದರ ಮೇಲೆ ಶೇ. 18ರ ಜಿಎಸ್‌ಟಿ ಸೇರಿ 37,760. 2024ರ ಆರಂಭದಲ್ಲಿ ನಾಲ್ಕು ತಿಂಗಳು, ಶನಿವಾರ ಮತ್ತು ಭಾನುವಾರ, ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿಬಂದೆ. ಹಾರ್ಡ್‌ವೇರ್ ಪಾಠಕ್ಕೆಂದು ಮೇಜಿನ ಮೇಲೆ ಒಂದು ಹಳೆಯ ಪೆಂಟಿಯಂ 4 ಕಂಪ್ಯೂಟರ್ ಇಟ್ಟಿದ್ದರು. ಎಷ್ಟು ತಂಡಗಳು ಅದನ್ನು ಬಿಚ್ಚಿ ಜೋಡಿಸಿದ್ದವೋ, ಸ್ಕ್ರೂಗಳ ತಲೆ ಸವೆದು ನುಣ್ಣಗಾಗಿದ್ದವು. ‘ಇದು ರ‍್ಯಾಮ್, ಇದು ಎಸ್‌ಎಂಪಿಎಸ್’ ಎಂದು ಹೆಸರು ಹೇಳಿ ಮುಚ್ಚುವುದಷ್ಟೇ ಪಾಠ. ಅದು ಆನ್ ಆಗುತ್ತಿರಲಿಲ್ಲ. ಏಕೆ ಆಗುವುದಿಲ್ಲ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮಾರ್ಕೆಟಿಂಗ್ ಪಾಠದ ಸ್ಲೈಡುಗಳಲ್ಲಿದ್ದದ್ದು, ಜಾಲತಾಣಕ್ಕೆ ಬಂದುಹೋದವರನ್ನು ಎಣಿಸುವ ಗೂಗಲ್ ಅನಲಿಟಿಕ್ಸ್‌ನ ಹಳೆಯ ಆವೃತ್ತಿ. ಅದು 2023ರ ಜುಲೈ 1ರಂದೇ ಲೆಕ್ಕ ಹಿಡಿಯುವುದನ್ನು ನಿಲ್ಲಿಸಿತ್ತು. ಅಂದರೆ ಕಣ್ಣುಮುಚ್ಚಿ ಎಂಟು ತಿಂಗಳಾದವರ ನಾಡಿ ಹಿಡಿಯುವುದನ್ನು ನಮಗೆ ಕಲಿಸುತ್ತಿದ್ದರು.

ಆದರೂ ಒಂದು ಗಂಟೆಯನ್ನು ಮರೆಯಲಾರೆ. ಒಂದು ಭಾನುವಾರ ಬದಲಿ ಶಿಕ್ಷಕರೊಬ್ಬರು ಬಂದರು. ಅವರು ತೋರಿಸಲು ತಂದಿದ್ದ ಪುಟ ಡೇಟಾಬೇಸ್‌ಗೆ ಸೇರಲೇ ಇಲ್ಲ. ಬೆವರೊರೆಸಿಕೊಳ್ಳುತ್ತಾ ಒಂದೊಂದೇ ಸಾಲು ತೆಗೆದು ನೋಡಿದರು, ದೋಷಸಂದೇಶವನ್ನು ಜೋರಾಗಿ ಓದಿದರು, ಅದನ್ನೇ ಹುಡುಕಿದರು. ಸುಮಾರು ಐವತ್ತು ನಿಮಿಷದ ಮೇಲೆ ಪಾಸ್‌ವರ್ಡ್‌ನ ಕೊನೆಯಲ್ಲಿ ಒಂದು ಖಾಲಿ ಜಾಗ ಸೇರಿಕೊಂಡಿದ್ದು ಗೊತ್ತಾಯಿತು. ‘ಸಮಯ ಹಾಳಾಯಿತು, ಕ್ಷಮಿಸಿ’ ಎಂದರು ಪಾಪ. ನಾಲ್ಕು ತಿಂಗಳಲ್ಲಿ ನಾನು ನಿಜವಾಗಿ ಪಾಠ ಕೇಳಿದ್ದು ಅಂದೇ. ಉಳಿದ ದಿನ ಅವರು ಟೈಪ್ ಮಾಡಿದ್ದನ್ನು ನಾವು ಟೈಪ್ ಮಾಡುತ್ತಿದ್ದೆವು, ಅದು ಮೊದಲ ಸಲಕ್ಕೇ ಓಡುತ್ತಿತ್ತು.

ಜಾಲತಾಣಗಳ ವಿಚಾರಕ್ಕೆ ಬಂದರೆ, ವೆಬ್ ಕಲಿಯಲು ಇವುಗಳನ್ನು ಮೀರಿಸುವ ತರಗತಿಯನ್ನು ನಾನು ಕಂಡಿಲ್ಲ. 2014ರಲ್ಲಿ ಶುರುವಾದ ಫ್ರೀಕೋಡ್‌ಕ್ಯಾಂಪ್‌ನಲ್ಲಿ ಬೆಕ್ಕಿನ ಫೋಟೋಗಳ ಪುಟ, ಕೆಫೆಯ ಮೆನು ಎಂದು ಒಂದೊಂದೇ ಹೆಜ್ಜೆ ಇಡಿಸುತ್ತಾರೆ. ಸಂದೇಹ ಬಂದಾಗ, ವೆಬ್ ಭಾಷೆಗಳ ವಿವರಣೆ ಇರುವ ಮೊಜಿಲ್ಲಾದ ಎಂಡಿಎನ್ ತಾಣ ತೆರೆದರೆ ಆಯಿತು. ಇಂಗ್ಲಿಷ್ ಎಂದರೆ ಅಳುಕುವವರಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಇದೆ: ಹತ್ತು ನಿಮಿಷದ ಆಸುಪಾಸಿನ ಪಾಠಗಳು, ಹಲವು ಕನ್ನಡದ ದನಿಯಲ್ಲೇ ಸಿಗುತ್ತವೆ. ಪರದೆಯ ಅರ್ಧದಲ್ಲಿ ಪಾಠ, ಇನ್ನರ್ಧದಲ್ಲಿ ನಿಮ್ಮ ಅಭ್ಯಾಸ. ಖರ್ಚು ಡೇಟಾ ಮತ್ತು ನಿದ್ದೆ ಮಾತ್ರ. ಎಡವಿದ್ದು ನನ್ನ ಸ್ವಭಾವದಿಂದ. ಹಸಿರು ಗುರುತು ಬಿದ್ದರೆ ಕಲಿತೆ ಎಂದುಕೊಂಡು ಮುಂದೆ ಹೋಗುತ್ತಿದ್ದೆ.

ಆ ಭ್ರಮೆ ಬಿಟ್ಟಿದ್ದು ತಿಪಟೂರಿನ ಸೋದರಮಾವನ ಎಣ್ಣೆಗಾಣಕ್ಕೆ ಪುಟ ಕಟ್ಟಲು ಕೂತಾಗ. ಮಾವ ಕೊಟ್ಟ ವಿವರವೆಲ್ಲ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿತ್ತು. ಪುಟಕ್ಕೆ ಅಂಟಿಸಿದರೆ ತಲೆಗೆ ಕೊಂಬು, ಕಾಲಿಗೆ ಬಾಲ ಇರುವ ಇಂಗ್ಲಿಷ್ ಅಕ್ಷರಗಳ ಸಂತೆ. ಅದನ್ನೆಲ್ಲ ಯುನಿಕೋಡ್‌ಗೆ ಬದಲಿಸದಿದ್ದರೆ ಹುಡುಕಾಟದಲ್ಲಿ ಒಂದು ಪದವೂ ಸಿಗುವುದಿಲ್ಲ ಎಂಬುದನ್ನು ಬೆಕ್ಕಿನ ಪುಟ ಹೇಳಿಕೊಟ್ಟಿರಲಿಲ್ಲ. ಬದಲಿಸಿದೆ. ಪುಟ ತೆರೆದು ಮಾವನ ಮುಂದೆ ಹಿಡಿದೆ. ಅವರು ಕನ್ನಡಕ ಏರಿಸಿ, ‘ಗಾಣದ ಎಣೆ ಎಂದರೆ ಏನಪ್ಪಾ?’ ಎಂದರು. ಶೀರ್ಷಿಕೆಯ ಸಾಲಿನ ಎತ್ತರವನ್ನು ಇಂಗ್ಲಿಷಿಗೆ ಹೊಂದುವಂತೆ 1.1 ಇಟ್ಟು, ಚೌಕದಿಂದ ಹೊರಬಂದದ್ದನ್ನು ಮರೆಮಾಡಲು ಹೇಳಿದ್ದೆ. ಕೆಳಗಿನ ಒತ್ತಕ್ಷರ ಹೊಸ್ತಿಲಲ್ಲೇ ಕತ್ತರಿಸಿಹೋಗಿತ್ತು. ಎಣೆಯಿಲ್ಲದ ಎಣ್ಣೆಯನ್ನು ಮಾರಬಹುದು, ಎಣ್ಣೆಯಿಲ್ಲದ ಎಣೆಯನ್ನು ಮಾರುವುದು ಹೇಗೆ? ಸಾಲಿನ ಎತ್ತರ 1.6 ಮಾಡಿದ ಮೇಲೆ ಒತ್ತು ಮನೆಗೆ ಮರಳಿತು.

ಇನ್ನು ಅಂಗಡಿ. ಪುರಭವನದ ಹಿಂದಿನಿಂದ ಎಸ್.ಪಿ. ರಸ್ತೆಗೆ ನುಗ್ಗಿ, ಓಣಿಯೊಳಗೆ ಓಣಿ ದಾಟಿದರೆ ಒಂದು ಮಹಡಿ. ಪರಿಚಯದವರ ಮೂಲಕ ಹೋಗಿ, 2025ರ ಮಳೆಗಾಲದಿಂದ ಹದಿನೈದು ಶನಿವಾರ ಸಂಬಳವಿಲ್ಲದೆ ಕೂತೆ. ಮಧ್ಯಾಹ್ನದ ಊಟ ಯಜಮಾನರದ್ದು. ಮೊದಲ ವಾರವೇ ಆನ್ ಆಗದ ಯಂತ್ರ ಬಂತು. ಅವರು ವಿದ್ಯುತ್ ಪೂರೈಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನ 24 ಪಿನ್ನಿನ ತಂತಿಯನ್ನು ಕಿತ್ತು, ಕಾಗದದ ಕ್ಲಿಪ್ಪನ್ನು ಬಗ್ಗಿಸಿ ಹಸಿರು ತಂತಿಗೂ ಕಪ್ಪು ತಂತಿಗೂ ಸೇತುವೆ ಹಾಕಿದರು. ಫ್ಯಾನು ತಿರುಗಿತು. ‘ಇದು ಬದುಕಿದೆ, ಮುಂದಕ್ಕೆ ನೋಡು’ ಎಂದರು. ತರಗತಿಯ ಆ ಪೆಂಟಿಯಂ 4 ಆಗ ನೆನಪಾಯಿತು. ಒಂದು ಕ್ಲಿಪ್ಪಿನ ಪಾಠವಾಗಬಹುದಿತ್ತು ಅದು.

ನಾಲ್ಕನೆಯ ಶನಿವಾರ ನಾನು ಎಡವಟ್ಟು ಮಾಡಿದೆ. ಎಎಂಡಿ ಪ್ರೊಸೆಸರು ಕೂರುವ ಎಎಂ4 ಸಾಕೆಟ್ಟಿನ ಯಂತ್ರದ ಕೂಲರ್ ತೆಗೆಯಬೇಕಿತ್ತು. ನೇರವಾಗಿ ಮೇಲಕ್ಕೆ ಎಳೆದೆ. ಕೂಲರಿನ ಅಡಿಗೆ ಹಚ್ಚಿ, ಒಣಗಿ ಗಟ್ಟಿಯಾಗಿದ್ದ ಥರ್ಮಲ್ ಪೇಸ್ಟು ಪ್ರೊಸೆಸರನ್ನು ಹಿಡಿದುಕೊಂಡು, ಬೀಗ ಹಾಕಿದ್ದ ಸಾಕೆಟ್ಟಿನಿಂದಲೇ ಕಿತ್ತುಕೊಂಡು ಬಂತು. ಪ್ರೊಸೆಸರಿನ 1331 ಪಿನ್ನುಗಳಲ್ಲಿ ಎಂಟು ಬಾಗಿದ್ದವು. ಯಜಮಾನರು ಬೈಯಲಿಲ್ಲ, ಅದೇ ಹೆಚ್ಚು ಭಯವಾಯಿತು. ಮೇಜಿನ ಡಬ್ಬಿಯಿಂದ ಕಡ್ಡಿ ತೆಗೆದ 0.5 ಮಿ.ಮೀ.ನ ಮೆಕ್ಯಾನಿಕಲ್ ಪೆನ್ಸಿಲ್ ಕೊಟ್ಟು, ಭೂತಗನ್ನಡಿ ಕೊಟ್ಟು, ಹೋಗಿ ಕಾಫಿ ಕುಡಿದು ಬಂದರು. ಪೆನ್ಸಿಲಿನ ಟೊಳ್ಳು ತುದಿಯನ್ನು ಒಂದೊಂದೇ ಪಿನ್ನಿಗೆ ಟೋಪಿಯಂತೆ ತೊಡಿಸಿ, ಉಸಿರು ಬಿಗಿಹಿಡಿದು, ಪಕ್ಕದ ಸಾಲಿಗೆ ಸಮವಾಗುವವರೆಗೆ ಒಂದೊಂದು ಕೂದಲೆಳೆ ಒತ್ತಬೇಕು. ನಲವತ್ತು ನಿಮಿಷ ಹಿಡಿಯಿತು. ಪ್ರೊಸೆಸರು ತನ್ನ ಭಾರಕ್ಕೆ ತಾನೇ ಸಾಕೆಟ್ಟಿಗೆ ಇಳಿದಾಗ ಅಂಗಿ ಬೆನ್ನಿಗೆ ಅಂಟಿತ್ತು. ಯಂತ್ರವನ್ನು ಸ್ವಲ್ಪ ಹೊತ್ತು ಓಡಿಸಿ ಪೇಸ್ಟನ್ನು ಬಿಸಿ ಮಾಡಬೇಕು, ಕೂಲರನ್ನು ತಿರುಚಿ ಸಡಿಲಿಸಿ ಎತ್ತಬೇಕು ಎಂದು ಅವರು ಹೇಳಿದ್ದು ಅದಾದ ಮೇಲೆ.

ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯುವಾಗ ಅಂಗಡಿಯಲ್ಲಿ ಜಾತ್ರೆ. ಹೊಸ ಯಂತ್ರವೇ ಬೇಕು ಎಂದುಕೊಂಡು ಬಂದವರಲ್ಲಿ ಕೆಲವರ ಕಂಪ್ಯೂಟರುಗಳಲ್ಲಿ ವಿಂಡೋಸ್ 11 ಕೇಳುವ ಟಿಪಿಎಂ ಎಂಬ ಭದ್ರತಾ ವ್ಯವಸ್ಥೆ ಇತ್ತು, ಯಂತ್ರದ ಮೂಲ ಸೆಟ್ಟಿಂಗ್ ಇರುವ ಬಯಾಸ್‌ನಲ್ಲಿ ಆಫ್ ಆಗಿತ್ತು ಅಷ್ಟೇ. ಇಂಟೆಲ್ ಆದರೆ ಪಿಟಿಟಿ, ಎಎಂಡಿ ಆದರೆ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಅದು ಅಡಗಿರುತ್ತದೆ. ಈ ಹೆಸರು ಗೊತ್ತಿದ್ದುದರಿಂದ ಯಜಮಾನರು ಮಾರಾಟ ಕಳೆದುಕೊಂಡರು, ಗಿರಾಕಿ ಉಳಿಸಿಕೊಂಡರು. ಅಂಗಡಿಯ ಕುಂದೆಂದರೆ ಕಾರಣ ಕೇಳಲು ಪುರುಸೊತ್ತಿಲ್ಲ. ‘ಹೀಗೆ ಮಾಡು’ ಎನ್ನುತ್ತಾರೆ. ಏಕೆ ಎಂಬುದನ್ನು ರಾತ್ರಿ ರೈಲಿನಲ್ಲಿ ಮೊಬೈಲಿನಲ್ಲಿ ಓದಿಕೊಂಡೆ.

ಹೀಗಾಗಿ ಇಂದು ಯಾರಾದರೂ ಕೇಳಿದರೆ ಹಾರ್ಡ್‌ವೇರ್‌ಗೆ ಅಂಗಡಿ, ವೆಬ್‌ಗೆ ಪುಕ್ಕಟೆ ತಾಣ ಮತ್ತು ಜೊತೆಗೆ ಒಬ್ಬ ನಿಜವಾದ ಗಿರಾಕಿ ಎನ್ನುತ್ತೇನೆ. ಒಬ್ಬರೇ ಕೂತರೆ ಎದ್ದು ಹೋಗುವ ಜಾಯಮಾನದವರಿಗೆ ಮಾತ್ರ ತರಗತಿ. ಅಲ್ಲಿ ವೇಳಾಪಟ್ಟಿ ಸಿಗುತ್ತದೆ, ಬೆಂಚಿನ ಪಕ್ಕದ ಗೆಳೆಯ ಸಿಗುತ್ತಾನೆ. 37,760ಕ್ಕೆ ಅದು ದುಬಾರಿ.

ಮಾರ್ಕೆಟಿಂಗ್ ಮಾತ್ರ ಈ ಮೂರು ಕಡೆಯೂ ಸಿಗಲಿಲ್ಲ. ಸ್ವಂತ ಜೇಬಿನಿಂದ 1,900 ರೂಪಾಯಿ ಹಾಕಿ ಗೂಗಲ್ ಆಡ್ಸ್‌ನಲ್ಲಿ ಗಾಣದ ಎಣ್ಣೆಯ ಜಾಹೀರಾತು ಬಿಟ್ಟೆ. ಊರು ಆರಿಸುವಾಗ, ಅಲ್ಲಿರುವವರ ಜೊತೆಗೆ ಅಲ್ಲಿನ ಬಗ್ಗೆ ಆಸಕ್ತಿ ಇರುವವರಿಗೂ ತೋರಿಸುವ ಆಯ್ಕೆ ಮೊದಲೇ ಗುರುತಾಗಿರುತ್ತದೆ. ಅದನ್ನು ಓದದೆ ಮುಂದೆ ಹೋದವನು ನಾನೇ. ಯಾವ ಪದ ಹುಡುಕಿದವರಿಗೆ ಜಾಹೀರಾತು ಕಾಣಬಾರದು ಎಂಬ ಬೇಡದ ಪದಗಳ ಪಟ್ಟಿಯನ್ನೂ ಹಾಕಿರಲಿಲ್ಲ. ಕೂದಲು ಉದುರುವುದಕ್ಕೆ ಮದ್ದು ಹುಡುಕುವವರೆಲ್ಲ ಬಂದು ಒತ್ತಿ ಹೋದರು. ಬಂದ ಕರೆ ಮೂರು. ಅದರಲ್ಲಿ ಒಂದು ಕೊಬ್ಬರಿಯ ಸಗಟು ದರ ಕೇಳಲು.

ಆ ವಾರವೇ, ಏನೂ ತೋಚದೆ, ಗೂಗಲ್ ನಕ್ಷೆಯಲ್ಲಿ ಕಾಣುವ ಬಿಸಿನೆಸ್ ಪ್ರೊಫೈಲ್‌ಗೆ ಮಾವನ ಗಾಣ ಸೇರಿಸಿ, ಹಿಂಡಿ ಉದುರುತ್ತಿರುವ ಒಂದು ಫೋಟೋ, ಬಾಗಿಲು ತೆರೆಯುವ ಸಮಯ ಮತ್ತು ಫೋನ್ ನಂಬರ್ ಹಾಕಿದ್ದೆ. ಮುಂದಿನ ತಿಂಗಳು ಹನ್ನೊಂದು ಜನ ಅದನ್ನು ನೋಡಿಯೇ ಗಾಣದ ಬಾಗಿಲಿಗೆ ಬಂದರಂತೆ. ‘ಅದಕ್ಕೆಷ್ಟು ಖರ್ಚಾಯಿತು?’ ಎಂದು ಮಾವ ಕೇಳಿದರು. ಪುಕ್ಕಟೆ ಎಂದೆ. ಹಾಗಾದರೆ ಆ 1,900 ಯಾವುದಕ್ಕೆ ಎಂದು ಅವರು ಮತ್ತೆ ಕೇಳುವ ಮೊದಲು ನಾನು ಡಬ್ಬಿ ಎತ್ತಿಕೊಂಡು ಬಸ್ ನಿಲ್ದಾಣದ ಕಡೆ ನಡೆದೆ.